ಸೂಪರ್ ಡೆಲಿಗೇಟ್‌ಗಳು: ಜನ ಓಟು ಹಾಕಿದ ಮೇಲೂ ಪಕ್ಷದ ದೊಡ್ಡವರಿಗೆ ಬೇರೆ ಓಟು ಯಾಕೆ?

ಬಸವನಗುಡಿ ಬೆಂಚು

ಅಮೆರಿಕದ ಚುನಾವಣೆ ಮಾತು ಬಂದಾಗಲೆಲ್ಲ ಇಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಅಲ್ಲಿ ಅಭ್ಯರ್ಥಿ ಯಾರು ಅನ್ನೋದನ್ನೂ ಜನಾನೇ ಆರಿಸ್ತಾರೆ, ನಮ್ಮಲ್ಲಿ ಹೈಕಮಾಂಡ್ ಬಿ ಫಾರಂ ಕೊಟ್ಟವರೇ ಅಭ್ಯರ್ಥಿ." ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಡೆಮಾಕ್ರಟಿಕ್ ಪಕ್ಷದ ಸೂಪರ್ ಡೆಲಿಗೇಟ್‌ಗಳ ವಿಷಯ ಗೊತ್ತಾದರೆ ಈ ಮಾತು ಇಷ್ಟು ಸಲೀಸಾಗಿ ಬರುವುದಿಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಒಂದೊಂದು ರಾಜ್ಯದಲ್ಲೂ ಪ್ರೈಮರಿ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಜನ ಹಾಕುವ ಓಟು) ಅಥವಾ ಕಾಕಸ್ (ಸಭೆ ಸೇರಿ ಆರಿಸುವುದು) ನಡೆಯುತ್ತದೆ. ಜನ ಹಾಕಿದ ಓಟಿನ ಲೆಕ್ಕದಲ್ಲಿ ಅಭ್ಯರ್ಥಿಗಳಿಗೆ ಡೆಲಿಗೇಟ್‌ಗಳು ಸಿಗುತ್ತಾರೆ. ಇವರೆಲ್ಲ ಬೇಸಿಗೆಯಲ್ಲಿ ನಡೆಯುವ ರಾಷ್ಟ್ರೀಯ ಸಮಾವೇಶಕ್ಕೆ ಹೋಗಿ ಅಧ್ಯಕ್ಷೀಯ ಅಭ್ಯರ್ಥಿಗೆ ಓಟು ಹಾಕುತ್ತಾರೆ. ಅರ್ಧಕ್ಕಿಂತ ಜಾಸ್ತಿ ಯಾರಿಗೆ ಬರುತ್ತದೋ ಅವರೇ ಅಭ್ಯರ್ಥಿ. ಇಷ್ಟರವರೆಗೆ ಸರಿ. ಆದರೆ ಇದೇ ಸಮಾವೇಶಕ್ಕೆ ಇನ್ನೊಂದು ಗುಂಪು ಬರುತ್ತದೆ. ಯಾವ ಪ್ರೈಮರಿಯೂ ಅವರನ್ನು ಕಳಿಸಿರುವುದಿಲ್ಲ, ಬರೀ ಸ್ಥಾನದ ಬಲದಿಂದ ಬರುತ್ತಾರೆ. ಇವರೇ ಸೂಪರ್ ಡೆಲಿಗೇಟ್‌ಗಳು. 2016ರಲ್ಲಿ ಇಂಥವರು 700ಕ್ಕೂ ಜಾಸ್ತಿ ಇದ್ದರು. ಒಟ್ಟು ಡೆಲಿಗೇಟ್‌ಗಳಲ್ಲಿ ಸುಮಾರು ಶೇಕಡಾ 15. ತಮ್ಮ ರಾಜ್ಯದಲ್ಲಿ ಯಾರೇ ಗೆದ್ದಿರಲಿ, ಇವರು ಯಾರಿಗೆ ಬೇಕಾದರೂ ಓಟು ಹಾಕಬಹುದಿತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 1984ರಿಂದ ಇಲ್ಲಿಯವರೆಗೆ, ಜನರ ಓಟಿನಿಂದ ಬಂದ ಡೆಲಿಗೇಟ್‌ಗಳಲ್ಲಿ ಮುಂದಿದ್ದವರನ್ನು ಸೂಪರ್ ಡೆಲಿಗೇಟ್‌ಗಳು ಒಮ್ಮೆಯೂ ಕೆಡವಿಲ್ಲ. ಹಾಗಂತ ಅವರಿಂದ ಏನೂ ಆಗಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರ ಪ್ರಭಾವ ಸಮಾವೇಶದ ಓಟಿನಲ್ಲಿ ಇರಲಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಮುಂಚೆ, "ನಾನು ಇವರ ಕಡೆ" ಅಂತ ಹೇಳುವುದರಲ್ಲಿ ಇತ್ತು. ಬೇರೆಯವರು ಏನಂತೀರಿ?

ಸುಮ್ನೆ ಕೇಳ್ದೆ

ಸರ್, ಒಂದು ದಡ್ಡ ಪ್ರಶ್ನೆ. ಪ್ರೈಮರಿ ಇಟ್ಟು ಜನರಿಗೆ ಓಟು ಕೊಟ್ಟ ಮೇಲೆ ಇವರನ್ನು ಯಾಕೆ ತುರುಕಿದರು? ಯಾರದೋ ತಲೆಗೆ ಬಂದ ಉಪಾಯವಾ, ಇಲ್ಲಾ ಮೊದಲಿಂದಲೂ ಇದ್ದದ್ದಾ?

ಹಳೇ ಪೇಪರ್

ದಡ್ಡ ಪ್ರಶ್ನೆ ಏನಲ್ಲ ಬಿಡಿ. ಇದಕ್ಕೆ ಉತ್ತರ ಸ್ವಲ್ಪ ಉದ್ದ, ತಾಳ್ಮೆ ಇರಲಿ.

ಮೊದಲೆಲ್ಲ ಇಡೀ ವ್ಯವಸ್ಥೆಯೇ ಪಕ್ಷದ ದೊಡ್ಡವರ ಕೈಯಲ್ಲಿತ್ತು. ಪ್ರೈಮರಿಗಳು ಕೆಲವೇ ರಾಜ್ಯಗಳಲ್ಲಿ ಇದ್ದವು, ಅವಕ್ಕೆ ಅಷ್ಟೇನೂ ತೂಕ ಇರಲಿಲ್ಲ. 1952ರಲ್ಲಿ ಎಸ್ಟೆಸ್ ಕೆಫೋವರ್ ಅನ್ನುವ ಸೆನೆಟರ್ ಹೆಚ್ಚು ಕಡಿಮೆ ಎಲ್ಲ ಪ್ರೈಮರಿಗಳನ್ನೂ ಗೆದ್ದರು. ಅಭ್ಯರ್ಥಿಯಾದದ್ದು ಅಡ್ಲಾಯ್ ಸ್ಟೀವನ್ಸನ್. ಜನ ಗೊಣಗಿದರು, ಸುಮ್ಮನಾದರು.

1968ರಲ್ಲಿ ಸುಮ್ಮನಾಗಲಿಲ್ಲ. ವಿಯೆಟ್ನಾಂ ಯುದ್ಧದ ಕಾಲ. ಅಧ್ಯಕ್ಷ ಲಿಂಡನ್ ಜಾನ್ಸನ್ ಮಾರ್ಚ್‌ನಲ್ಲಿ ತಾನು ನಿಲ್ಲುವುದಿಲ್ಲ ಅಂದರು. ಯುದ್ಧ ಬೇಡ ಅನ್ನುತ್ತಿದ್ದ ಯೂಜೀನ್ ಮೆಕಾರ್ಥಿ, ರಾಬರ್ಟ್ ಕೆನಡಿ ಇಬ್ಬರೂ ಪ್ರೈಮರಿಗಳಲ್ಲಿ ಸೆಣಸಿದರು. ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ಕೆನಡಿಗೆ ಗುಂಡು ಬಿತ್ತು. ಆಗಸ್ಟ್‌ನಲ್ಲಿ ಶಿಕಾಗೋ ಸಮಾವೇಶದಲ್ಲಿ ಅಭ್ಯರ್ಥಿಯಾದದ್ದು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಇವರು ಒಂದೇ ಒಂದು ಪ್ರೈಮರಿಗೂ ನಿಂತಿರಲಿಲ್ಲ! ಒಳಗೆ ಮೇಯರ್ ರಿಚರ್ಡ್ ಡೇಲಿ ಮುಂದಿನ ಸಾಲಲ್ಲಿ ಕೂತಿದ್ದರೆ, ಹೊರಗೆ ಅವರ ಪೊಲೀಸರು ಹುಡುಗರಿಗೆ ಲಾಠಿಯಲ್ಲಿ ಬಾರಿಸುತ್ತಿದ್ದರು. ದೇಶವೆಲ್ಲ ಟಿವಿಯಲ್ಲಿ ನೋಡಿತು. ನವೆಂಬರ್‌ನಲ್ಲಿ ನಿಕ್ಸನ್ ಗೆದ್ದರು.

ಆಮೇಲೆ ಪಕ್ಷ ಒಂದು ಸಮಿತಿ ಮಾಡಿತು. ಮೆಕ್‌ಗವರ್ನ್-ಫ್ರೇಸರ್ ಸಮಿತಿ. ಡೆಲಿಗೇಟ್‌ಗಳನ್ನು ಬಾಗಿಲು ಹಾಕಿಕೊಂಡು ಆರಿಸುವುದು ನಿಂತಿತು, ರಾಜ್ಯಗಳು ಒಂದೊಂದಾಗಿ ಪ್ರೈಮರಿಗೆ ಬಂದವು. 1972ರಲ್ಲಿ ಇದೇ ಹೊಸ ನಿಯಮದ ಪ್ರಕಾರ ಡೇಲಿ ಅವರ ತಂಡವನ್ನೇ ಸಮಾವೇಶದಿಂದ ಹೊರಗಿಟ್ಟರು. ನಾಲ್ಕು ವರ್ಷದ ಹಿಂದೆ ಇಡೀ ಸಮಾವೇಶವನ್ನು ಕುಣಿಸಿದ್ದ ಮನುಷ್ಯನಿಗೆ ಒಳಗೆ ಕುರ್ಚಿಯೇ ಇಲ್ಲ. ಅಭ್ಯರ್ಥಿಯಾದದ್ದು ಯಾರು? ನಿಯಮ ಬರೆದ ಜಾರ್ಜ್ ಮೆಕ್‌ಗವರ್ನ್! 49 ರಾಜ್ಯಗಳಲ್ಲಿ ಸೋತರು.

1976ರಲ್ಲಿ ಜಿಮ್ಮಿ ಕಾರ್ಟರ್ ಗೆದ್ದರು, ನಿಜ. ಆದರೆ ವಾಷಿಂಗ್ಟನ್‌ನಲ್ಲಿ ಅವರ ಪಕ್ಷದವರಿಗೇ ಅವರು ಹೊರಗಿನವರು. 1980ರಲ್ಲಿ ಟೆಡ್ ಕೆನಡಿ ಅವರ ಮೇಲೇ ಬಿದ್ದರು, ಸಮಾವೇಶದವರೆಗೂ ಜಗಳ ಹೋಯಿತು, ಕೊನೆಗೆ ರೇಗನ್ ಕೈಯಲ್ಲಿ ಕಾರ್ಟರ್ ಸೋತರು. ಆಗ ಪಕ್ಷದ ಹಿರಿಯರು "ಜನರ ಕೈಗೆ ಪೂರ್ತಿ ಬಿಟ್ಟದ್ದು ಜಾಸ್ತಿ ಆಯಿತು" ಅಂದರು. ನಾರ್ತ್ ಕೆರೊಲೈನಾದ ಗವರ್ನರ್ ಜಿಮ್ ಹಂಟ್ ಅವರ ಕೈಗೆ ಇನ್ನೊಂದು ಸಮಿತಿ. ಶೇಕಡಾ 30ರಷ್ಟು ಸೀಟು ದೊಡ್ಡವರಿಗೆ ಕೊಡೋಣ ಅಂತ ಮೊದಲು ಮಾತಾಯಿತು. ಎಳೆದಾಡಿ ಸುಮಾರು 14ಕ್ಕೆ ನಿಂತಿತು. 1982ರಲ್ಲಿ ನಿಯಮ ಬಂತು, 1984ರಲ್ಲಿ ಮೊದಲ ಪ್ರಯೋಗ.

ಪ್ರಯೋಗದ ಫಲ ಕೇಳಿ. ಮೆಕ್‌ಗವರ್ನ್ ತರಹದ ಸೋಲು ಇನ್ನೊಮ್ಮೆ ಆಗಬಾರದು ಅಂತಲೇ ಇವರನ್ನು ತಂದದ್ದು. ಇವರು ಮೊದಲ ಸಲ ಕೈ ಹಿಡಿದ ವಾಲ್ಟರ್ ಮಾಂಡೇಲ್ ಕೂಡ 49 ರಾಜ್ಯಗಳಲ್ಲೇ ಸೋತರು.

ಸುಮ್ನೆ ಕೇಳ್ದೆ

ಹ್ಹ ಹ್ಹ, ಅಷ್ಟಕ್ಕೆ ಇಷ್ಟೆಲ್ಲ ಮಾಡಿದರಾ!

ಟ್ರಾಯ್ ಕನ್ನಡಿಗ

ಮಿಶಿಗನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿನ ಪ್ರಜೆ, ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಓಟು ಹಾಕುವವನು. ಬೆಂಚು ಸರ್ "ಒಮ್ಮೆಯೂ ಕೆಡವಿಲ್ಲ" ಅಂದದ್ದು ಲೆಕ್ಕದಲ್ಲಿ ಸರಿ. ಆದರೆ 2016ರಲ್ಲಿ ಹಿಲರಿ ಕ್ಲಿಂಟನ್ ಎದುರು ಪ್ರೈಮರಿಗಳಲ್ಲಿ ಸೆಣಸಿದ ಬರ್ನಿ ಸ್ಯಾಂಡರ್ಸ್‌ಗೆ ಕೆಲಸ ಮಾಡಿದ ಹುಡುಗರ ಮುಂದೆ ಈ ಮಾತು ಹೇಳಿ ನೋಡಿ.

2015ರ ನವೆಂಬರ್‌ನಲ್ಲಿ ಎಪಿ ಸುದ್ದಿ ಸಂಸ್ಥೆ ಸೂಪರ್ ಡೆಲಿಗೇಟ್‌ಗಳನ್ನೆಲ್ಲ ಕೇಳಿ ಲೆಕ್ಕ ಕೊಟ್ಟಿತು. ಹಿಲರಿ ಕ್ಲಿಂಟನ್‌ಗೆ 359, ಸ್ಯಾಂಡರ್ಸ್‌ಗೆ 8. ಅಯೋವಾದಲ್ಲಿ ಮೊದಲ ಓಟು ಬೀಳೋಕೆ ಇನ್ನೂ ಎರಡು ತಿಂಗಳಿಗಿಂತ ಜಾಸ್ತಿ ಇತ್ತು! ಆಮೇಲೆ ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್. ಸ್ಯಾಂಡರ್ಸ್ 60, ಕ್ಲಿಂಟನ್ 38. ಎರಡು ಮಾತಿಲ್ಲದ ಗೆಲುವು. ಜನರ ಓಟಿನಿಂದ ಸ್ಯಾಂಡರ್ಸ್‌ಗೆ 15 ಡೆಲಿಗೇಟ್, ಕ್ಲಿಂಟನ್‌ಗೆ 9. ಆ ರಾಜ್ಯದ ಆರು ಸೂಪರ್ ಡೆಲಿಗೇಟ್‌ಗಳು ಕ್ಲಿಂಟನ್ ಕಡೆ. ಕೂಡಿಸಿ ನೋಡಿ: 15-15. 22 ಪಾಯಿಂಟ್ ಅಂತರದಲ್ಲಿ ಗೆದ್ದವನಿಗೂ ಸೋತವರಿಗೂ ಸಮಸಮ. ಮಾರನೆಯ ದಿನ ಎಷ್ಟು ಜನ ಸಿಟ್ಟಾದರು ಅಂತ ನನಗೆ ಗೊತ್ತು.

ಅದೇ ವಾರ ಪಕ್ಷದ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ಅವರನ್ನು ಸಿಎನ್‌ಎನ್‌ನಲ್ಲಿ ಇದನ್ನೇ ಕೇಳಿದರು. ಪಕ್ಷದ ನಾಯಕರು, ಗೆದ್ದವರು ತಳಮಟ್ಟದ ಕಾರ್ಯಕರ್ತರ ಎದುರು ಡೆಲಿಗೇಟ್ ಸೀಟಿಗೆ ನಿಲ್ಲುವ ಪರಿಸ್ಥಿತಿ ಬರಬಾರದು ಅಂತ ಈ ವ್ಯವಸ್ಥೆ ಇದೆ ಅನ್ನುವ ಅರ್ಥದ ಉತ್ತರ ಕೊಟ್ಟರು. ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಬಸವನಗುಡಿ ಬೆಂಚು

ಟ್ರಾಯ್ ಅವರೇ, ನಾನು ಹೇಳಿದ್ದಕ್ಕೆ ನೀವೇ ಸಾಕ್ಷಿ ಕೊಟ್ಟಿರಿ. ಓಟು ಹಾಕಿದ್ದು ಜುಲೈನಲ್ಲಿ, ಪೆಟ್ಟು ಬಿದ್ದದ್ದು ಫೆಬ್ರವರಿಯಲ್ಲಿ. ಟಿವಿಯವರು ಸೂಪರ್ ಡೆಲಿಗೇಟ್‌ಗಳನ್ನೂ ಸೇರಿಸಿ ಒಂದೇ ಪಟ್ಟಿ ತೋರಿಸುತ್ತಿದ್ದರು. ನೋಡಿದವರಿಗೆ ಆಟ ಮುಗಿದೇ ಹೋದ ಹಾಗೆ ಕಾಣುತ್ತಿತ್ತು. "ಇಷ್ಟು ಹಿಂದಿದ್ದಾನೆ, ಇವನಿಗೆ ದುಡ್ಡು ಕೊಟ್ಟು ಏನು ಪ್ರಯೋಜನ" ಅಂತ ಜನ ಅಂದುಕೊಳ್ಳುವುದು ಸಹಜ ಅಲ್ವಾ? ಸೂಪರ್ ಡೆಲಿಗೇಟ್ ಬಾಯಿ ಮಾತಿನಲ್ಲಿ ಹೇಳಿದ್ದು ಯಾವಾಗ ಬೇಕಾದರೂ ಬದಲಾಗಬಹುದು. ಟಿವಿಯಲ್ಲಿ ಅದೂ ಗೆದ್ದ ಡೆಲಿಗೇಟೂ ಒಂದೇ ಬಣ್ಣ.

ಜೂನ್ ನೆನಪಿದೆಯಾ? ಕ್ಯಾಲಿಫೋರ್ನಿಯಾ ಪ್ರೈಮರಿ 7ನೇ ತಾರೀಖು. 6ನೇ ತಾರೀಖು ರಾತ್ರಿಯೇ ಎಪಿ "ಕ್ಲಿಂಟನ್ ಅಭ್ಯರ್ಥಿ" ಅಂತ ಹೇಳಿತು. ಹೇಗೆ? ಬಾಕಿ ಇದ್ದ ಸೂಪರ್ ಡೆಲಿಗೇಟ್‌ಗಳಿಗೆ ಫೋನ್ ಮಾಡಿ ಕೇಳಿ. ದೇಶದಲ್ಲೇ ಅತಿ ಹೆಚ್ಚು ಜನ ಇರುವ ರಾಜ್ಯದವರು ಬೆಳಗ್ಗೆ ಎದ್ದು ಓಟಿಗೆ ಹೋಗುವ ಹೊತ್ತಿಗೆ ಪೇಪರ್‌ನಲ್ಲಿ ಫಲಿತಾಂಶ ಬಂದಿತ್ತು.

ಲೆಕ್ಕಾಚಾರ

ಇಬ್ಬರೂ ಒಂದು ಕಡೆಯ ಕಥೆ ಮಾತ್ರ ಹೇಳುತ್ತಿದ್ದೀರಿ. ಸೂಪರ್ ಡೆಲಿಗೇಟ್‌ಗಳನ್ನು ಪೂರ್ತಿ ತೆಗೆದುಹಾಕಿ. ಆಗಲೂ 2016ರಲ್ಲಿ ಕ್ಲಿಂಟನ್ 2,205, ಸ್ಯಾಂಡರ್ಸ್ 1,846. ಜನರ ಓಟಿನಲ್ಲೂ ಕ್ಲಿಂಟನ್ ಸ್ಯಾಂಡರ್ಸ್‌ಗಿಂತ 30 ಲಕ್ಷಕ್ಕೂ ಜಾಸ್ತಿ ಮುಂದಿದ್ದರು. ಕ್ಯಾಲಿಫೋರ್ನಿಯಾವನ್ನೂ ಅವರೇ ಗೆದ್ದರು. ಕೊನೆಗೆ "ಸೂಪರ್ ಡೆಲಿಗೇಟ್‌ಗಳು ಮನಸ್ಸು ಬದಲಾಯಿಸಿ ನಮ್ಮ ಕಡೆ ಬರಲಿ" ಅಂತ ಕೇಳಿದ್ದು ಯಾರು? ಸ್ಯಾಂಡರ್ಸ್ ಕಡೆಯವರೇ. ಜನರ ಓಟಿನಲ್ಲಿ ಹಿಂದಿದ್ದವರು ಜನ ಆರಿಸದವರ ಹತ್ತಿರ ಸಹಾಯ ಕೇಳಿದರು. ಇದನ್ನು ಯಾರೂ ಹೇಳುವುದಿಲ್ಲ.

ಇವರು ಯಾವಾಗಲೂ ಪಕ್ಷದ ಮುದ್ದಿನ ಮಗುವಿನ ಕಡೆಯೇ ಇರುತ್ತಾರೆ ಅನ್ನುವುದೂ ತಪ್ಪು. 2008 ನೋಡಿ. ಶುರುವಿನಲ್ಲಿ ಸೂಪರ್ ಡೆಲಿಗೇಟ್‌ಗಳಲ್ಲಿ ಕ್ಲಿಂಟನ್ ಮುಂದಿದ್ದರು. ಒಬಾಮಾ ರಾಜ್ಯಗಳನ್ನು ಗೆಲ್ಲುತ್ತಾ ಹೋದ ಹಾಗೆ ಇವರು ಒಬ್ಬೊಬ್ಬರೇ ದಾಟಿದರು. ಕಪ್ಪು ಜನರ ಹಕ್ಕಿಗಾಗಿ ಹೊಡೆತ ತಿಂದಿದ್ದ ಜಾನ್ ಲೂಯಿಸ್ ಅವರೇ ಫೆಬ್ರವರಿಯಲ್ಲಿ ಕ್ಲಿಂಟನ್ ಬಿಟ್ಟು ಒಬಾಮಾ ಕಡೆ ಬಂದರು. ಮ್ಯಾಸಚೂಸೆಟ್ಸ್ ಗೆದ್ದದ್ದು ಕ್ಲಿಂಟನ್. ಆದರೆ ಅಲ್ಲಿನ ಇಬ್ಬರು ಸೆನೆಟರ್‌ಗಳಾದ ಟೆಡ್ ಕೆನಡಿ, ಜಾನ್ ಕೆರಿ, ಜೊತೆಗೆ ಗವರ್ನರ್ ಡೆವಾಲ್ ಪ್ಯಾಟ್ರಿಕ್ ಮೂವರೂ ಒಬಾಮಾ ಕಡೆ. ಆಗ "ಜನರ ತೀರ್ಪು ಕದ್ದರು" ಅಂತ ಯಾರೂ ಕೂಗಲಿಲ್ಲ.

ಇನ್ನೊಂದು. 1984ರಲ್ಲಿ ಮಾಂಡೇಲ್‌ಗೆ, 2008ರಲ್ಲಿ ಒಬಾಮಾಗೆ ಬರೀ ಪ್ರೈಮರಿ ಡೆಲಿಗೇಟ್‌ಗಳಿಂದ ಬಹುಮತ ಆಗಿರಲಿಲ್ಲ. ಇಬ್ಬರೂ ಮುಂದಿದ್ದರು, ಗೆರೆ ದಾಟಿಸಿದ್ದು ಸೂಪರ್ ಡೆಲಿಗೇಟ್‌ಗಳು. 1984ರಲ್ಲಿ ಬೇಕಿದ್ದದ್ದು 1,967. ಕೊನೇ ಪ್ರೈಮರಿಗಳು ಮುಗಿದ ಮಾರನೆಯ ಬೆಳಗ್ಗೆ ಮಾಂಡೇಲ್ ಫೋನ್ ಹಿಡಿದು ಕೂತು, ಒಬ್ಬೊಬ್ಬರಿಗೇ ಮಾಡಿ, ಕಮ್ಮಿ ಬಿದ್ದದ್ದನ್ನು ತುಂಬಿಸಿಕೊಂಡರು. ಪ್ರೈಮರಿಗಳಲ್ಲಿ ಅವರ ಎದುರಾಳಿ ಗ್ಯಾರಿ ಹಾರ್ಟ್ ನೋಡುತ್ತಾ ಉಳಿದರು.

ಬೆಳಗಾವಿ ಕುಂದಾ

ಎಲ್ಲಾರೂ "ಆರಿಸದವರು, ಆರಿಸದವರು" ಅಂತೀರಲ್ರೀ, ಇವರು ಯಾರು ಅಂತ ಒಮ್ಮೆ ಪಟ್ಟಿ ನೋಡಿದ್ದೀರಾ?

ಪಕ್ಷದ ಸಂಸದರೆಲ್ಲ ಇದ್ದಾರೆ, ಎರಡೂ ಸದನದವರು. ಪಕ್ಷದ ಗವರ್ನರ್‌ಗಳು ಇದ್ದಾರೆ. ಮಾಜಿ ಅಧ್ಯಕ್ಷರು, ಮಾಜಿ ಉಪಾಧ್ಯಕ್ಷರು. ಉಳಿದವರು ಪಕ್ಷದ ರಾಷ್ಟ್ರೀಯ ಸಮಿತಿ ಸದಸ್ಯರು, ಇವರ ಸಂಖ್ಯೆ ಜಾಸ್ತಿ. ಸಂಸದರು, ಗವರ್ನರ್‌ಗಳು ಜನರ ಓಟಿನಿಂದಲೇ ಗೆದ್ದವರು. ಅವರನ್ನು ಹಿಂಬಾಗಿಲಿನಿಂದ ಬಂದವರು ಅನ್ನೋದು ಹ್ಯಾಂಗ?

ನಮ್ಮ ಊರಿನ ಉದಾಹರಣೆನೇ ಕೊಡುತ್ತೇನೆ. ಶ್ರೀ ಥಾಣೇದಾರ್. ಬೆಳಗಾವಿಯಲ್ಲಿ ಬೆಳೆದವರು, ಬಡತನ ಕಂಡವರು, ಅಮೆರಿಕಕ್ಕೆ ಹೋಗಿ ಕಂಪನಿ ಕಟ್ಟಿದರು. 2023ರಿಂದ ಡೆಟ್ರಾಯಿಟ್ ಕಡೆಯಿಂದ ಡೆಮಾಕ್ರಟಿಕ್ ಸಂಸದರು. ಅಂದಮೇಲೆ 2024ರಲ್ಲಿ ಅವರೂ ಒಬ್ಬ ಸೂಪರ್ ಡೆಲಿಗೇಟೇ. ಲಕ್ಷಾಂತರ ಜನರ ಕ್ಷೇತ್ರದಲ್ಲಿ ಗೆದ್ದು ಬಂದ ಮನುಷ್ಯನಿಗೆ ತನ್ನ ಪಕ್ಷದ ಅಭ್ಯರ್ಥಿ ಬಗ್ಗೆ ಒಂದು ಓಟು ಇದ್ದರೆ ತಪ್ಪೇನು? ನವೆಂಬರ್‌ನಲ್ಲಿ ಆ ಅಭ್ಯರ್ಥಿ ಹೆಸರಿನ ಕೆಳಗೇ ಇವರ ಹೆಸರೂ ಇರುತ್ತದೆ. ಅಭ್ಯರ್ಥಿ ಮುಳುಗಿದರೆ ಇವರೂ ಮುಳುಗುತ್ತಾರೆ.

ಟ್ರಾಯ್ ಕನ್ನಡಿಗ

ಕುಂದಾ ಅವರೇ, ಸಂಸದರ ವಿಷಯದಲ್ಲಿ ನಿಮ್ಮ ಮಾತು ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ. ಅವರನ್ನು ಜನ ಕಳಿಸಿದ್ದು ಕಾನೂನು ಮಾಡೋಕೆ, ಸಮಾವೇಶದಲ್ಲಿ ಓಟು ಹಾಕೋಕೆ ಅಲ್ಲ. ಆದರೂ ಮುಂದಿನ ಚುನಾವಣೆಯಲ್ಲಿ ಅವರನ್ನು ಕೇಳಬಹುದು, ಬೇಡ ಅನ್ನಬಹುದು.

ರಾಷ್ಟ್ರೀಯ ಸಮಿತಿಯವರದ್ದು ಬೇರೆ. ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ ಆರಿಸುತ್ತಾರೆ. ಕೆಲವು ಕಡೆ ರಾಜ್ಯ ಸಮಾವೇಶ, ಕೆಲವು ಕಡೆ ರಾಜ್ಯ ಸಮಿತಿ. ಇನ್ನು ಕೆಲವರ ಹೆಸರನ್ನು ಪಕ್ಷದ ಅಧ್ಯಕ್ಷರೇ ಸೂಚಿಸುತ್ತಾರೆ. 2016ರಲ್ಲಿ ಇವರಲ್ಲಿ ಲಾಬಿ ಮಾಡುವುದೇ ಕಸುಬಾಗಿದ್ದವರೂ ಇದ್ದರು. ಅವರನ್ನು ಯಾರು ಕೇಳೋದು? ನನ್ನ ಪಕ್ಕದ ಮನೆಯವರನ್ನು ನಿಲ್ಲಿಸಿ ನಿಮ್ಮ ರಾಜ್ಯದ ಸಮಿತಿ ಸದಸ್ಯರು ಯಾರು ಅಂತ ಕೇಳಿ, ಒಬ್ಬರ ಹೆಸರೂ ಹೇಳಲ್ಲ.

ಲೆಕ್ಕಾಚಾರ

ಲಾಬಿಯವರೂ ಇದ್ದರು, ಕಾಲೇಜು ಹುಡುಗರೂ ಇದ್ದರು. 2008ರಲ್ಲಿ ವಿಸ್ಕಾನ್ಸಿನ್‌ನ 21 ವರ್ಷದ ವಿದ್ಯಾರ್ಥಿಯೊಬ್ಬ ಸೂಪರ್ ಡೆಲಿಗೇಟ್ ಆಗಿದ್ದ. ಅವನ ಒಂದು ಓಟಿಗಾಗಿ ಹಿಲರಿ ಮಗಳು ಚೆಲ್ಸಿ ಕ್ಲಿಂಟನ್ ಅವನ ಊರಿಗೇ ಬಂದು ಜೊತೆಯಲ್ಲಿ ಕೂತು ತಿಂಡಿ ತಿಂದರು. ಕೊನೆಗೆ ಅವನು ಹೋದದ್ದು ಒಬಾಮಾ ಕಡೆ.

ಸುಮ್ನೆ ಕೇಳ್ದೆ

ತಿಂಡಿ ದಂಡ ಆಯ್ತು ಪಾಪ.

ಕೋಟೆ ಊರಿನವ

ಚಿತ್ರದುರ್ಗದವನಾಗಿ ನಾನೊಂದು ಮಾತು ಹೇಳದೆ ಇರಲಾರೆ. ರಾಷ್ಟ್ರಪತಿ ಅಭ್ಯರ್ಥಿಯನ್ನು ಪಕ್ಷದ ನಾಲ್ಕು ಜನ ಹಿರಿಯರು ಕೂತು ಆರಿಸಿ, ಅದು ಕೈಕೊಟ್ಟ ಕಥೆ ನಮ್ಮ ಬೆಂಗಳೂರಿನಲ್ಲೇ ಇದೆ. 1969ರ ಜುಲೈ, ಲಾಲ್‌ಬಾಗ್‌ನ ಗಾಜಿನ ಮನೆ, ಎಐಸಿಸಿ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಇಂದಿರಾ ಗಾಂಧಿಗೆ ಬೇಕಿದ್ದದ್ದು ಜಗಜೀವನ್ ರಾಮ್. ಸಂಸದೀಯ ಮಂಡಳಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿ ಅಂತ ತೀರ್ಮಾನ ಮಾಡಿತು. ಪ್ರಧಾನಿಯೇ ಅಲ್ಪಮತ!

ಮುಂದಿನದ್ದು ಎಲ್ಲರಿಗೂ ಗೊತ್ತು. ಮೊರಾರ್ಜಿ ಕೈಯಿಂದ ಹಣಕಾಸು ಹೋಯಿತು, 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು, ಆತ್ಮಸಾಕ್ಷಿಯ ಪ್ರಕಾರ ಓಟು ಹಾಕಿ ಅಂದರು ಇಂದಿರಾ. ಆಗಸ್ಟ್‌ನಲ್ಲಿ ಪಕ್ಷೇತರರಾಗಿ ನಿಂತ ವಿ.ವಿ. ಗಿರಿ ಎರಡನೇ ಪ್ರಾಶಸ್ತ್ಯದ ಓಟುಗಳ ಎಣಿಕೆಯಲ್ಲಿ ಗೆದ್ದರು. ನವೆಂಬರ್‌ನಲ್ಲಿ ನಿಜಲಿಂಗಪ್ಪನವರು ಇಂದಿರಾರನ್ನು ಉಚ್ಚಾಟಿಸಿದರು, ಪಕ್ಷ ಒಡೆಯಿತು. ಆ ಬೆಂಗಳೂರು ಅಧಿವೇಶನದ ಹೊತ್ತಿಗೆ ಶಿಕಾಗೋದಲ್ಲಿ ಹಂಫ್ರಿಯನ್ನು ಕೂರಿಸಿ ಒಂದು ವರ್ಷವೂ ಆಗಿರಲಿಲ್ಲ ನೋಡಿ.

ಹಳೇ ಪೇಪರ್

ಕೋಟೆ ಅವರೇ, ಚೆನ್ನಾಗಿ ನೆನಪಿಸಿದಿರಿ. ಆದರೆ ಪೂರ್ತಿ ಜೋಡಿ ಆಗಲ್ಲ. ನಮ್ಮ ರಾಷ್ಟ್ರಪತಿಗೆ ಓಟು ಹಾಕುವವರು ಸಂಸದರು, ಶಾಸಕರು. ಅಲ್ಲಿ ಜನರು ಪ್ರೈಮರಿಯಲ್ಲಿ ಹೇಳಿದ ಮಾತನ್ನು ಮಂಡಳಿ ದಾಟಿತು ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಪ್ರೈಮರಿಯೇ ಇರಲಿಲ್ಲ. ಇಂದಿರಾ ಕೂಡ ಜನರನ್ನು ಕೇಳಿ ಜಗಜೀವನ್ ರಾಮ್ ಹೆಸರು ತಂದವರಲ್ಲ.

ಕೋಟೆ ಊರಿನವ

ಅದು ಸರಿ. ಆದರೆ ಹಿರಿಯರು ಬಾಗಿಲು ಹಾಕಿಕೊಂಡು ಒಬ್ಬರನ್ನು ಆರಿಸಿದರೆ ಓಟು ಹಾಕುವವರು ಅದನ್ನು ತಿರುಗಿಸಿ ಎಸೆಯಬಹುದು, ನಾನು ಹೇಳಿದ್ದು ಅಷ್ಟೇ.

ನಡುಮನೆ ರೇಡಿಯೊ

ಮಹಿಳೆಯರ ಕಡೆಯಿಂದ ನಾನೂ ಒಂದು ಸೇರಿಸುತ್ತೇನೆ. ಹಂಟ್ ಸಮಿತಿಯಲ್ಲಿ ಜೆರಾಲ್ಡಿನ್ ಫೆರಾರೋ ಇದ್ದರು. ಎರಡು ಕಡೆಯವರಿಗೂ ಒಪ್ಪಿಗೆ ಆಗುವ ಸೂತ್ರ ತಂದವರಲ್ಲಿ ಅವರೂ ಒಬ್ಬರು. ಎರಡು ವರ್ಷ ಬಿಟ್ಟು 1984ರಲ್ಲಿ ಮಾಂಡೇಲ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತರು. ದೊಡ್ಡ ಪಕ್ಷದಿಂದ ಆ ಸ್ಥಾನಕ್ಕೆ ನಿಂತ ಮೊದಲ ಮಹಿಳೆ. 2008ರಲ್ಲಿ "ಸೂಪರ್ ಡೆಲಿಗೇಟ್‌ಗಳು ಜನರ ಓಟಿನ ಹಿಂದೆ ಹೋಗಬೇಕು" ಅಂತ ಎಲ್ಲರೂ ಕೂಗುವಾಗ ಅವರು ಪೇಪರ್‌ಗೆ ಬರೆದರು: ಇವರನ್ನು ಮಾಡಿದ್ದು ಮುಂದೆ ನಡೆಸೋಕೆ, ಹಿಂದೆ ಬರೋಕೆ ಅಲ್ಲ ಅಂತ. ಅವರು ಕ್ಲಿಂಟನ್ ಕಡೆಯವರು, ಅದು ಬೇರೆ ವಿಷಯ. ಆದರೆ ಮಾತಿನಲ್ಲಿ ನೇರ ಇದೆ. ಜನ ಹೇಳಿದವರಿಗೇ ಓಟು ಹಾಕಬೇಕು ಅಂದರೆ ಇವರು ಯಾಕೆ ಬೇಕು? ಒಂದೋ ಇಟ್ಟುಕೊಳ್ಳಿ, ಸ್ವಂತ ಬುದ್ಧಿ ಉಪಯೋಗಿಸೋಕೆ ಬಿಡಿ. ಇಲ್ಲಾ ತೆಗೆಯಿರಿ.

ರಿಪಬ್ಲಿಕನ್‌ರ ಕಥೆ ಏನು? ಅವರಲ್ಲಿ ಈ ಜಾತಿ ಇಲ್ವಾ?

ಹಳೇ ಪೇಪರ್

ಇದ್ದಾರೆ ಮೇಡಂ, ಆದರೆ ಸಣ್ಣ ಗುಂಪು. ಒಂದೊಂದು ರಾಜ್ಯ, ಪ್ರಾಂತ್ಯಕ್ಕೆ ಮೂರು ಜನ, ಒಟ್ಟು 168. ಈಗ ಅವರಲ್ಲಿ ಬಹುತೇಕರು ತಮ್ಮ ರಾಜ್ಯದ ಫಲಿತಾಂಶಕ್ಕೆ ಕಟ್ಟುಬಿದ್ದವರು.

ಹಿಂದೆ ಹಾಗಿರಲಿಲ್ಲ. 1976ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್‌ಗೂ ರೇಗನ್‌ಗೂ ಕಾನ್ಸಾಸ್ ಸಿಟಿ ಸಮಾವೇಶದವರೆಗೆ ತೀರ್ಮಾನ ಆಗಿರಲಿಲ್ಲ. ಯಾರಿಗೂ ಕಟ್ಟುಬೀಳದ ಡೆಲಿಗೇಟ್‌ಗಳನ್ನು ಫೋರ್ಡ್ ಶ್ವೇತಭವನಕ್ಕೆ ಕರೆಸಿ ಮಾತಾಡಿಸಿದರು. ತಾಲ್ಲೂಕು ಮಟ್ಟದ ಕಾರ್ಯಕರ್ತನಿಗೆ ಅಧ್ಯಕ್ಷರ ಮನೆಯಿಂದ ಕರೆ ಬಂದರೆ ಹೇಗಿರುತ್ತೆ ಯೋಚಿಸಿ. ಕೊನೆಗೆ ಫೋರ್ಡ್ 1,187, ರೇಗನ್ 1,070. ನವೆಂಬರ್‌ನಲ್ಲಿ ಫೋರ್ಡ್ ಸೋತರು.

ಲೆಕ್ಕಾಚಾರ

ಅದಕ್ಕೇ ಒಂದು ಪ್ರಶ್ನೆ. 2016ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ ಡೆಮಾಕ್ರಟ್‌ಗಳ ಹಾಗೆ ಶೇಕಡಾ 15 ಸೂಪರ್ ಡೆಲಿಗೇಟ್‌ಗಳು ಇದ್ದಿದ್ದರೆ? ಶುರುವಿನಲ್ಲಿ ಅಲ್ಲಿನ ಸಂಸದರು, ಗವರ್ನರ್‌ಗಳಲ್ಲಿ ಹೆಚ್ಚಿನವರಿಗೆ ಟ್ರಂಪ್ ಬೇಕಿರಲಿಲ್ಲ. ಆವತ್ತು "ಪಕ್ಷದ ದೊಡ್ಡವರಿಗೆ ಒಂದು ಬ್ರೇಕ್ ಇರಬೇಕಿತ್ತು" ಅಂತ ಬರೆದವರು, ಅದೇ ವರ್ಷ ಡೆಮಾಕ್ರಟಿಕ್ ಪಕ್ಷದ ಬ್ರೇಕ್ ತೆಗೆಯಿರಿ ಅನ್ನುತ್ತಿದ್ದರು.

ಬಸವನಗುಡಿ ಬೆಂಚು

ಬ್ರೇಕ್ ಹಾಕುತ್ತಿದ್ದರು ಅಂತ ನನಗೆ ನಂಬಿಕೆ ಇಲ್ಲ. ಕ್ಲೀವ್‌ಲ್ಯಾಂಡ್ ಸಮಾವೇಶದಲ್ಲಿ ಕೆಲವು ಡೆಲಿಗೇಟ್‌ಗಳು ತಮ್ಮನ್ನು ಬಿಡುಗಡೆ ಮಾಡಿ, ಮನಸ್ಸಿಗೆ ಬಂದ ಹಾಗೆ ಓಟು ಹಾಕುತ್ತೇವೆ ಅಂತ ಪ್ರಯತ್ನ ಮಾಡಿದರು. ಅದು ಮೇಲೇಳಲೇ ಇಲ್ಲ. ಪ್ರೈಮರಿಯಲ್ಲಿ ಗೆದ್ದವನನ್ನು ಸಮಾವೇಶದಲ್ಲಿ ಕೆಡವುವ ಧೈರ್ಯ ರಾಜಕಾರಣಿಗೆ ಬರುವುದಿಲ್ಲ. ಮಾರನೆಯ ದಿನ ಅವನ ಕ್ಷೇತ್ರದಲ್ಲಿ ಅದೇ ಓಟುದಾರರು ಕಾಯುತ್ತಿರುತ್ತಾರೆ. ಡೆಮಾಕ್ರಟಿಕ್ ಸೂಪರ್ ಡೆಲಿಗೇಟ್‌ಗಳು ಒಮ್ಮೆಯೂ ಕೆಡವದೆ ಇದ್ದದ್ದಕ್ಕೆ ಕಾರಣವೂ ಅದೇ. ಒಳ್ಳೇತನ ಅಲ್ಲ, ಹೆದರಿಕೆ.

ನಡುಮನೆ ರೇಡಿಯೊ

ಈಗ ನಿಯಮ ಬದಲಾಗಿದೆ ಅಂತ ಕೇಳಿದ್ದೇನೆ. ಯಾರಾದರೂ ಸರಿಯಾಗಿ ಹೇಳಿ.

ಲೆಕ್ಕಾಚಾರ

2018ರ ಆಗಸ್ಟ್‌ನಲ್ಲಿ ಬದಲಾಯಿತು. ಊರು ಮತ್ತೆ ಶಿಕಾಗೋ! ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟ್‌ಗಳು ಓಟು ಹಾಕುವಂತಿಲ್ಲ. ಜನರ ಓಟಿನ ಡೆಲಿಗೇಟ್‌ಗಳಿಂದಲೇ ಒಬ್ಬರಿಗೆ ಒಟ್ಟು ಬಹುಮತ ಬಂದು, ಇವರು ಹಾಕಿದರೂ ಬಿಟ್ಟರೂ ಫಲಿತಾಂಶ ಬದಲಾಗಲ್ಲ ಅನ್ನುವಾಗ ಮಾತ್ರ ಹಾಕಬಹುದು. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರದೆ ಎರಡನೇ ಸುತ್ತಿಗೆ ಹೋದರೆ ಆಗ ಇವರ ಬಾಗಿಲು ತೆರೆಯುತ್ತದೆ. ಒಳಗೆ ಜಗಳ ಸಣ್ಣದೇನೂ ಆಗಲಿಲ್ಲ. ಡಾನ್ ಫೌಲರ್, ಡೊನ್ನಾ ಬ್ರಜೀಲ್ ತರಹದ ಹಳಬರು ವಿರೋಧಿಸಿದರು. ವರ್ಷಗಟ್ಟಲೆ ಪಕ್ಷಕ್ಕೆ ದುಡಿದವರ ಓಟು ಕಿತ್ತುಕೊಳ್ಳುತ್ತೀರಾ ಅನ್ನುವುದು ಆ ಕಡೆಯ ವಾದ. ಅದರಲ್ಲಿ ಕಪ್ಪು ಜನಾಂಗದ ನಾಯಕರೂ ಜಾಸ್ತಿ ಇದ್ದರು. ಎಷ್ಟೋ ಕಷ್ಟಪಟ್ಟು ಆ ಕುರ್ಚಿಗೆ ಬಂದ ಮೇಲೆ ಕುರ್ಚಿಯ ಬೆಲೆಯೇ ಇಳಿಯಿತು ಅನ್ನುವ ನೋವು ಅವರದ್ದು. ಅದನ್ನು ತಳ್ಳಿಹಾಕೋಕೆ ಆಗಲ್ಲ.

2020ರಲ್ಲಿ ತಮಾಷೆ ನೋಡಿ. ಲಾಸ್ ವೇಗಸ್ ಚರ್ಚೆಯಲ್ಲಿ ಎಲ್ಲ ಅಭ್ಯರ್ಥಿಗಳನ್ನೂ ಕೇಳಿದರು: ಬಹುಮತ ಬರದಿದ್ದರೂ ಎಲ್ಲರಿಗಿಂತ ಜಾಸ್ತಿ ಡೆಲಿಗೇಟ್ ಇರುವವರೇ ಅಭ್ಯರ್ಥಿ ಆಗಬೇಕಾ? ಹೌದು ಅಂದದ್ದು ಸ್ಯಾಂಡರ್ಸ್ ಒಬ್ಬರೇ. ಆಗ ಅವರು ಮುಂದಿದ್ದರು. 2016ರಲ್ಲಿ ಹಿಂದಿದ್ದಾಗ ಸೂಪರ್ ಡೆಲಿಗೇಟ್ ಬೇಕಿತ್ತು.

ಟ್ರಾಯ್ ಕನ್ನಡಿಗ

ಸ್ಯಾಂಡರ್ಸ್ ಮೇಲೆ ನಿಮಗೆ ಏನೋ ಹಳೇ ಸಿಟ್ಟು ಇದೆ ಸರ್. ಇರಲಿ.

ಆದರೆ 2020ರಲ್ಲಿ ಏನಾಯಿತು? ಸೂಪರ್ ಡೆಲಿಗೇಟ್ ಬೇಕಾಗಲೇ ಇಲ್ಲ. ಫೆಬ್ರವರಿ 26ಕ್ಕೆ ಸೌತ್ ಕೆರೊಲೈನಾದ ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಅಂದರು. 29ಕ್ಕೆ ಬೈಡನ್ ಆ ರಾಜ್ಯವನ್ನು ಭರ್ಜರಿಯಾಗಿ ಗೆದ್ದರು. ಪೈಪೋಟಿಯಲ್ಲಿದ್ದ ಬುಟಿಜೆಜ್ ಮಾರ್ಚ್ 1ಕ್ಕೆ ಹಿಂದೆ ಸರಿದರು, 2ಕ್ಕೆ ಕ್ಲೋಬುಶಾರ್. ಅದೇ ರಾತ್ರಿ ಡಲ್ಲಾಸ್‌ನಲ್ಲಿ ಇಬ್ಬರೂ ಬೈಡನ್ ಪರ. 3ಕ್ಕೆ ಸೂಪರ್ ಟ್ಯೂಸ್‌ಡೇ, ಅಂದರೆ ಹಲವು ರಾಜ್ಯಗಳ ಪ್ರೈಮರಿ ಒಟ್ಟಿಗೇ ನಡೆಯುವ ದಿನ, ಅಲ್ಲಿಗೆ ಮುಗೀತು. ಒಂದು ವಾರ ಕೂಡ ಹಿಡಿಯಲಿಲ್ಲ. ಯಾವ ನಿಯಮವನ್ನೂ ಮುರಿಯಲಿಲ್ಲ.

ಬೆಳಗಾವಿ ಕುಂದಾ

ಅದರಾಗ ತಪ್ಪೇನೈತ್ರೀ? ಕ್ಲೈಬರ್ನ್ ಹೇಳಿದರು, ಜನ ಕೇಳಿದರು, ಜನಾನೇ ಓಟು ಹಾಕಿದರು. ಬೇಡ ಅನ್ನಿಸಿದ್ದರೆ ಹಾಕುತ್ತಿರಲಿಲ್ಲ.

ಟ್ರಾಯ್ ಕನ್ನಡಿಗ

ತಪ್ಪು ಅಂತ ನಾನು ಹೇಳಿಲ್ಲ ಮಾರಾಯರೇ. ಓಟು ಕಿತ್ತುಕೊಂಡರೂ ಪ್ರಭಾವ ಎಲ್ಲೂ ಹೋಗಲಿಲ್ಲ ಅಂತ ಹೇಳಿದೆ ಅಷ್ಟೇ.

2024 ಇನ್ನೂ ಹತ್ತಿರದ್ದು. ಫೆಬ್ರವರಿ 27ಕ್ಕೆ ನಮ್ಮ ಮಿಶಿಗನ್ ಪ್ರೈಮರಿ. ಚೀಟಿಯಲ್ಲಿ ಬೈಡನ್, ಡೀನ್ ಫಿಲಿಪ್ಸ್, ಮರಿಯಾನ್ ವಿಲಿಯಮ್ಸನ್, ಕೊನೆಗೆ "ಯಾರಿಗೂ ಬದ್ಧ ಅಲ್ಲ" ಅನ್ನುವ ಒಂದು ಸಾಲು. ಗಾಜಾ ವಿಷಯದಲ್ಲಿ ಬೇಸರ ಇದ್ದವರು ಆ ಸಾಲಿಗೆ ಹಾಕಿದರು. ಒಂದು ಲಕ್ಷಕ್ಕೂ ಜಾಸ್ತಿ ಓಟು, ಶೇಕಡಾ 13. 117ರಲ್ಲಿ 2 ಡೆಲಿಗೇಟ್ ಸಿಕ್ಕರು. ನಾನು ಬೈಡನ್‌ಗೆ ಹಾಕಿದೆ.

ಜೂನ್ 27ರ ಚರ್ಚೆ ನೋಡಿದವರಿಗೆ ಮುಂದೇನಾಯಿತು ಗೊತ್ತು. ಪಕ್ಷದ 30ಕ್ಕೂ ಜಾಸ್ತಿ ಸಂಸದರು ಬಹಿರಂಗವಾಗಿ "ಇಳಿಯಿರಿ" ಅಂದರು. ಜುಲೈ 21ಕ್ಕೆ ಬೈಡನ್ ಹಿಂದೆ ಸರಿದರು, ಹ್ಯಾರಿಸ್ ಹೆಸರು ಹೇಳಿದರು. ಮಾರನೆಯ ದಿನ ರಾತ್ರಿಗೆ ಹ್ಯಾರಿಸ್‌ಗೆ ಬೇಕಾದಷ್ಟು ಡೆಲಿಗೇಟ್‌ಗಳ ಬೆಂಬಲ ಬಂದಾಗಿತ್ತು. ಬೇರೆ ಯಾರಾದರೂ ನಿಲ್ಲಬೇಕಾದರೆ 300 ಡೆಲಿಗೇಟ್‌ಗಳ ಸಹಿ ಬೇಕು, ಒಂದು ರಾಜ್ಯದಿಂದ 50ಕ್ಕಿಂತ ಜಾಸ್ತಿ ಇರಬಾರದು. ಯಾರೂ ಬರಲಿಲ್ಲ. ಆಗಸ್ಟ್ 5ಕ್ಕೆ ಆನ್‌ಲೈನ್ ಓಟು ಮುಗಿಯಿತು.

ನನಗೆ ಹ್ಯಾರಿಸ್ ಬಗ್ಗೆ ಬೇಸರ ಇರಲಿಲ್ಲ, ನವೆಂಬರ್‌ನಲ್ಲಿ ಅವರಿಗೇ ಹಾಕಿದೆ. ಆದರೆ ಆ ವರ್ಷ ಅಧ್ಯಕ್ಷೀಯ ಅಭ್ಯರ್ಥಿ ಅಂತ ಅವರ ಹೆಸರಿನ ಮುಂದೆ ಪ್ರೈಮರಿಯಲ್ಲಿ ಒಬ್ಬನೂ ಗುರುತು ಹಾಕಿರಲಿಲ್ಲ.

ಹಳೇ ಪೇಪರ್

ಟ್ರಾಯ್ ಅವರೇ, ಒಂದು ಸಣ್ಣ ತಕರಾರು. ಬೈಡನ್ ಡೆಲಿಗೇಟ್‌ಗಳು ಹ್ಯಾರಿಸ್‌ಗೆ ಹಾಕಿದ್ದು ನಿಯಮದ ಒಳಗೇ. ತಮ್ಮನ್ನು ಕಳಿಸಿದ ಜನರ ಮನಸ್ಸನ್ನು ಆತ್ಮಸಾಕ್ಷಿಯಿಂದ ಪ್ರತಿನಿಧಿಸಬೇಕು ಅಂತ ಪಕ್ಷದ ನಿಯಮ ಹೇಳುತ್ತದೆ. ಬೈಡನ್ ಜೊತೆ ಟಿಕೆಟ್‌ನಲ್ಲಿ ಹ್ಯಾರಿಸ್ ಇರುತ್ತಾರೆ ಅಂತ ಗೊತ್ತಿದ್ದೇ ನೀವು ಓಟು ಹಾಕಿದಿರಿ. ಅವರನ್ನು ಬಿಟ್ಟು ಇನ್ನಾರನ್ನೋ ತಂದಿದ್ದರೆ ಆಗ ಕೇಳಬಹುದಿತ್ತು.

ಕೋಟೆ ಊರಿನವ

ಆತ್ಮಸಾಕ್ಷಿ ಅಲ್ಲೂ ಬಂತಾ!

ಬಸವನಗುಡಿ ಬೆಂಚು

ಇಳಿಯಿರಿ ಅಂದ ಆ ಮೂವತ್ತು ಚಿಲ್ಲರೆ ಸಂಸದರನ್ನು ನೋಡಿ. ಎಲ್ಲರೂ ಸೂಪರ್ ಡೆಲಿಗೇಟ್‌ಗಳೇ. ಆದರೆ ಅವರು ಸೂಪರ್ ಡೆಲಿಗೇಟ್ ಓಟು ತೋರಿಸಿ ಹೆದರಿಸಲಿಲ್ಲ, ಮೊದಲ ಸುತ್ತಿನಲ್ಲಿ ಅವರಿಗೆ ಓಟು ಕೈಯಲ್ಲಿ ಇರಲೂ ಇಲ್ಲ. ಜನ ಓಟು ಹಾಕಿ ಆರಿಸಿದ್ದ ಅಭ್ಯರ್ಥಿ ಬದಲಾದದ್ದು ಸೂಪರ್ ಡೆಲಿಗೇಟ್‌ಗಳಿಗೆ ಪೂರ್ತಿ ಅಧಿಕಾರ ಇದ್ದ 34 ವರ್ಷಗಳಲ್ಲಿ ಅಲ್ಲ. ಅದನ್ನು ಕಿತ್ತುಕೊಂಡ ಆರು ವರ್ಷಕ್ಕೆ. 2018ರಲ್ಲಿ ಶಿಕಾಗೋದಲ್ಲಿ ಅಷ್ಟು ಜಗಳ ಆಡಿ ತೆಗೆದದ್ದು ಟಿವಿ ಪಟ್ಟಿಯ ಒಂದು ಬಣ್ಣವನ್ನು ಮಾತ್ರ ಅಂತ ನನಗೆ ಅನ್ನಿಸುತ್ತದೆ. ಅದನ್ನೂ ತೆಗೆಯಬೇಕಿತ್ತು, ಅದು ಬೇರೆ.

ನಡುಮನೆ ರೇಡಿಯೊ

ಹಾಗಾದರೆ ಟ್ರಾಯ್ ಅವರ ತರಹದ ಮಾಮೂಲಿ ಓಟುದಾರರು ಏನು ಮಾಡಬೇಕು? ಸುಮ್ನೆ ಕೂರೋದಾ?

ಟ್ರಾಯ್ ಕನ್ನಡಿಗ

ಮೇಡಂ, ಮಿಶಿಗನ್‌ನಲ್ಲಿ ಒಂದು ದಾರಿ ಇದೆ. ಸಮ ವರ್ಷಗಳ ಆಗಸ್ಟ್ ಪ್ರೈಮರಿಯಲ್ಲಿ ಬೂತ್ ಮಟ್ಟದ ಡೆಲಿಗೇಟ್‌ಗಳನ್ನೂ ಆರಿಸುತ್ತಾರೆ. ಅವರು ಕೌಂಟಿ ಸಮಾವೇಶಕ್ಕೆ ಹೋಗುತ್ತಾರೆ, ಅಲ್ಲಿಂದ ರಾಜ್ಯದ ಸಮಾವೇಶಕ್ಕೆ ಜನ ಹೋಗುತ್ತಾರೆ. ಪಕ್ಷದ ಏಣಿ ಶುರುವಾಗುವುದೇ ಅಲ್ಲಿಂದ. ನಮ್ಮ ಬೂತ್‌ನ ಚೀಟಿಯಲ್ಲಿ ಕಳೆದ ಸಲ ಆ ಜಾಗದಲ್ಲಿ ಒಂದು ಹೆಸರೂ ಇರಲಿಲ್ಲ, ಬರೀ ಖಾಲಿ ಗೆರೆ. ದೂರು ಹೇಳುವವರು ತುಂಬ ಜನ, ಆ ಗೆರೆ ತುಂಬುವವರು ಇಲ್ಲ. ಇಲ್ಲಿನ ಕನ್ನಡ ಕೂಟದಲ್ಲಿ ಈ ವಿಷಯ ಎತ್ತಿದರೆ ಎಲ್ಲರೂ ಊಟದ ಸಾಲಿನ ಕಡೆ ನೋಡುತ್ತಾರೆ.

ಬೆಳಗಾವಿ ಕುಂದಾ

ನೀವೇ ನಿಲ್ಲರಿ ಮತ್ತ. ಹೆಸರು ಬರೆಯೋಕೆ ಪೆನ್ ನಾವು ಕಳಿಸುತ್ತೇವೆ.

ಟ್ರಾಯ್ ಕನ್ನಡಿಗ

ಹೆಂಡತಿ ಆಗಲೇ ಹೇಳಿದ್ದಾಳೆ, ನಾನಲ್ಲ ಅವಳು ನಿಲ್ಲುತ್ತಾಳಂತೆ.

ಸುಮ್ನೆ ಕೇಳ್ದೆ

ಕೊನೇ ಪ್ರಶ್ನೆ. 2028ರಲ್ಲಿ ಏಳೆಂಟು ಜನ ನಿಂತು, ಡೆಲಿಗೇಟ್‌ಗಳು ಹಂಚಿಹೋಗಿ, ಯಾರಿಗೂ ಬಹುಮತ ಬರದಿದ್ದರೆ?

ಲೆಕ್ಕಾಚಾರ

ಆಗ ಎರಡನೇ ಸುತ್ತು, ಅದರಲ್ಲಿ ಸೂಪರ್ ಡೆಲಿಗೇಟ್‌ಗಳೂ ಓಟು ಹಾಕುತ್ತಾರೆ. 2018ರ ನಿಯಮ ಬಂದ ಮೇಲೆ ಇದು ಒಮ್ಮೆಯೂ ನಡೆದಿಲ್ಲ. ಡೆಮಾಕ್ರಟಿಕ್ ಸಮಾವೇಶದಲ್ಲಿ ಮೊದಲ ಸುತ್ತು ದಾಟಿದ್ದು ಕೊನೆಯದಾಗಿ 1952ರಲ್ಲಿ, ಹಳೇ ಪೇಪರ್ ಅವರು ಮೇಲೆ ಹೇಳಿದ ಸ್ಟೀವನ್ಸನ್ ಕಾಲದಲ್ಲಿ, ಮೂರನೇ ಸುತ್ತಿಗೆ ತೀರ್ಮಾನ ಆಯಿತು. ಡೆಲಿಗೇಟ್ ಸಿಗಬೇಕಾದರೆ ಕನಿಷ್ಠ ಶೇಕಡಾ 15 ಓಟು ಬರಬೇಕು ಅನ್ನುವ ನಿಯಮ ಇದೆ. ಹಾಗಾಗಿ ಏಳೆಂಟು ಜನಕ್ಕೆ ಹಂಚಿಹೋಗುವುದು ಕಷ್ಟ. ಮೂವರು ಗಟ್ಟಿಯಾಗಿ ಉಳಿದರೆ ಸಾಕು, ಆಗ ನೋಡಬೇಕು.